ನ್ಯೂಟ್ರಲ್ ಬಾರದ ಬೋರ್ಡಿಗೆ ಸ್ಮಾರ್ಟ್ ಸ್ವಿಚ್ ಹಾಕುವುದು

ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆ ವಯರಿಂಗ್ ಕೆಲಸ ಮಾಡುವವನು ನಾನು. ಈಗೀಗ ನನಗೆ ಜಾಸ್ತಿ ಬರುವ ಫೋನು ಒಂದೇ ಥರದ್ದು. ಮಗ ದುಬೈಯಿಂದಲೋ ಬೆಂಗಳೂರಿನಿಂದಲೋ ಸ್ಮಾರ್ಟ್ ಸ್ವಿಚ್, ಅಂದರೆ ಫೋನಿನಿಂದಲೂ ದೀಪ ಹಾಕಬಹುದಾದ ಸ್ವಿಚ್ಚು, ಕಳಿಸಿದ್ದಾನೆ. ಪೆಟ್ಟಿಗೆಯ ಮೇಲೆ ನ್ಯೂಟ್ರಲ್ (ಕರೆಂಟು ವಾಪಸು ಹೋಗುವ ವಯರು) ಬೇಕು ಅಂತ ಬರೆದಿದೆ. ಬೋರ್ಡ್ ಬಿಚ್ಚಿ ನೋಡಿದರೆ ಸ್ವಿಚ್ಚಿಗೆ ಬಂದಿರುವುದು ಎರಡೇ ವಯರು. ಇನ್ನೇನು ಮಾಡುವುದು?

ಮನೆಗೆಲ್ಲ ಒಂದೇ ಉತ್ತರ ಹುಡುಕಬೇಡಿ. ಚಾವಡಿಯ ಬೋರ್ಡಿಗೆ ಒಂದು ದಾರಿ, ಮೆಟ್ಟಿಲಿನ ಬೋರ್ಡಿಗೆ ಇನ್ನೊಂದು, ಬಚ್ಚಲಿನದ್ದಕ್ಕೆ ಮತ್ತೊಂದು. ಒಂದೊಂದು ಬೋರ್ಡನ್ನೂ ಬಿಚ್ಚಿ ನೋಡಿಯೇ ತೀರ್ಮಾನ ಮಾಡಬೇಕು. ಯಾವ ಬೋರ್ಡಿಗೂ ಸಲ್ಲದ ದಾರಿ ಒಂದಿದೆ, ಅರ್ತ್ ವಯರನ್ನು ನ್ಯೂಟ್ರಲ್ ಥರ ಬಳಸುವುದು. ಅದರ ವಿಷಯ ಕೆಳಗೆ ವಿವರವಾಗಿ ಹೇಳುತ್ತೇನೆ.

ಮೊದಲೇ ಒಂದು ಮಾತು. ಕೇರಳದಲ್ಲಿ ಇದು ಪರ್ಮಿಟ್ ಇರುವ ವಯರ್‌ಮನ್ ಮಾಡಬೇಕಾದ ಕೆಲಸ. ನಿಮ್ಮ ಮನೆಯ ವಯರಿಂಗ್ ನಿಮಗೆ ಅರ್ಥವಾಗಲಿ, ಕೆಲಸಕ್ಕೆ ಬಂದವನು ಸರಿಯಾಗಿ ಮಾಡುತ್ತಾನೋ ಇಲ್ಲವೋ ನಿಮಗೆ ತಿಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಹಳೆ ಸ್ವಿಚ್ಚಿಗೆ ನ್ಯೂಟ್ರಲ್ ಯಾಕೆ ಬೇಡ, ಇದಕ್ಕೆ ಯಾಕೆ ಬೇಕು

ಮಾಮೂಲಿ ಸ್ವಿಚ್ಚಿನ ಕೆಲಸ ಫೇಸ್ ಲೈನನ್ನು, ಅಂದರೆ ಕರೆಂಟು ಬರುವ ವಯರನ್ನು, ಕೂಡಿಸುವುದು, ಬಿಡಿಸುವುದು, ಅಷ್ಟೇ. ಫೇಸ್ ಒಳಗೆ ಬರುತ್ತದೆ, ಬಲ್ಬಿಗೆ ಹೋಗುವ ಲೈನು ಹೊರಗೆ ಹೋಗುತ್ತದೆ. ನ್ಯೂಟ್ರಲ್ ಮೇಲಿನಿಂದಲೇ ನೇರವಾಗಿ ಸೀಲಿಂಗ್ ರೋಸಿಗೆ (ಮೇಲೆ ಬಲ್ಬಿನ ವಯರು ಕೂಡಿಸುವ ಡಬ್ಬಿ) ಬಂದಿರುತ್ತದೆ. ಹಿಂದೆ ವಯರಿಂಗ್ ಮಾಡಿದವರು ಅಷ್ಟು ವಯರು ಉಳಿಸಿದರು. ಅದು ತಪ್ಪೇನೂ ಅಲ್ಲ.

ಸ್ಮಾರ್ಟ್ ಸ್ವಿಚ್ಚಿನ ಒಳಗೆ ಒಂದು ಪುಟ್ಟ ರೇಡಿಯೋ ಇದೆ. ದೀಪ ಆಫ್ ಇದ್ದಾಗಲೂ ಅದು ಎಚ್ಚರವಾಗಿರಬೇಕು, ಇಲ್ಲದಿದ್ದರೆ ಫೋನಿನಿಂದ ಬಂದ ಆರ್ಡರ್ ಅದಕ್ಕೆ ಕೇಳಿಸುವುದಿಲ್ಲ. ಅದಕ್ಕೆ ಸದಾ ಕರೆಂಟು ಬೇಕು. ಕರೆಂಟು ಹರಿಯಬೇಕಾದರೆ ಫೇಸ್ ಜೊತೆ ನ್ಯೂಟ್ರಲ್ಲೂ ಇರಬೇಕು. ನ್ಯೂಟ್ರಲ್ ಬೇಡದ ಮಾಡೆಲ್‌ಗಳು ಆ ಕರೆಂಟನ್ನು ಬಲ್ಬಿನ ಮೂಲಕ ಚೂರು ಚೂರು ಎಳೆದುಕೊಳ್ಳುತ್ತವೆ. ದೀಪ ಆಫ್ ಅಂತ ಕಂಡರೂ ಬಲ್ಬಿನ ಒಳಗೆ ಒಂದು ಸಣ್ಣ ಕರೆಂಟು ಓಡುತ್ತಲೇ ಇರುತ್ತದೆ.

60 ವ್ಯಾಟಿನ ಹಳೆ ಬಲ್ಬಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ 9 ವ್ಯಾಟಿನ ಎಲ್ಇಡಿ ಬಲ್ಬಿನ ಒಳಗಿನ ಡ್ರೈವರ್ ಸರ್ಕ್ಯೂಟಿನಲ್ಲಿ ಒಂದು ಕೆಪಾಸಿಟರ್ ಇದೆ. ಬಂದ ಚೂರು ಕರೆಂಟು ಅದರಲ್ಲಿ ತುಂಬುತ್ತಾ ಹೋಗುತ್ತದೆ. ಸಾಕಷ್ಟು ತುಂಬಿದ ಕೂಡಲೇ ಬಲ್ಬು ಒಮ್ಮೆ ಮಿನುಗಿ ಆರುತ್ತದೆ, ಮತ್ತೆ ತುಂಬುತ್ತದೆ, ಮತ್ತೆ ಮಿನುಗುತ್ತದೆ. ರಾತ್ರಿ ಕತ್ತಲೆಯಲ್ಲಿ ಇದನ್ನು ನೋಡಿ ಹೆದರಿದವರಿದ್ದಾರೆ. ಬಲ್ಬು ಹಾಳಾಗಿದೆ ಅಂತ ಹೊಸತು ತಂದು ಹಾಕಿದವರೂ ಇದ್ದಾರೆ. ಬಲ್ಬಿನದ್ದು ಏನೂ ತಪ್ಪಿಲ್ಲ.

ಮೊದಲು ಹುಡುಕಿ, ಆಮೇಲೆ ಇಲ್ಲ ಅನ್ನಿ

ಇಂಟರ್‌ನೆಟ್ಟಿನ ವಿಡಿಯೋಗಳಲ್ಲಿ ಹೆಚ್ಚಿನವು ಅಮೆರಿಕದ ಮನೆಗಳದ್ದು. ನಮ್ಮಲ್ಲಿ ಒಂದು ಅನುಕೂಲ ಇದೆ. ಸ್ವಿಚ್ ಇರುವ ಬೋರ್ಡಿನಲ್ಲೇ ಹೆಚ್ಚಾಗಿ 5 ಆಂಪಿನ ಒಂದು ಪ್ಲಗ್ ಸಾಕೆಟ್ಟೂ ಇರುತ್ತದೆ. ಸಾಕೆಟ್ ಇದೆ ಅಂದರೆ ನ್ಯೂಟ್ರಲ್ ಬಂದಿದೆ ಅಂತಲೇ ಅರ್ಥ. ನ್ಯೂಟ್ರಲ್ ಇಲ್ಲ ಅಂತ ನನ್ನನ್ನು ಕರೆದ ಎಷ್ಟೋ ಮನೆಗಳಲ್ಲಿ ಅದು ಸಾಕೆಟ್ಟಿನ ಹಿಂದೆ, ನಾಲ್ಕು ಬೆರಳು ದೂರದಲ್ಲಿ ಕೂತಿತ್ತು. ನಿಜವಾಗಿ ನ್ಯೂಟ್ರಲ್ ಬಾರದಿರುವುದು ಮೆಟ್ಟಿಲಿನ ಮೇಲಿಂದಲೂ ಕೆಳಗಿಂದಲೂ ಒಂದೇ ದೀಪ ಹಾಕುವ ಟೂ ವೇ ಸ್ವಿಚ್ಚು, ಬಚ್ಚಲಿನ ಹೊರಗಿನ ಒಂಟಿ ಸ್ವಿಚ್ಚು, ಹಟ್ಟಿಯ ದೀಪ, ಗೇಟಿನ ದೀಪ, ಇಂಥ ಕಡೆಗಳಿಗೆ.

ಮುಂದಿನಿಂದ ನೋಡಿದರೆ ಸಾಕೆಟ್ಟಿನ ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್, ಮೇಲಿನ ದೊಡ್ಡ ತೂತು ಅರ್ತ್. ನಿಯಮ ಹಾಗೆ. ಹಳೆ ಮನೆಗಳಲ್ಲಿ ಅದಲುಬದಲು ಆಗಿರುತ್ತದೆ, ಹಾಗಾಗಿ ಟೆಸ್ಟ್ ಮಾಡದೆ ನಂಬಬೇಡಿ. ಬಣ್ಣವನ್ನಂತೂ ನಂಬಲೇಬೇಡಿ. ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್ ಇರಬೇಕಾದದ್ದು. ಆದರೆ ಉಳಿದ ತುಂಡು ವಯರಿನಲ್ಲಿ ಕೆಲಸ ಮುಗಿಸಿದ ಮನೆಗಳಲ್ಲಿ ಹಸಿರು ವಯರಿನಲ್ಲಿ ಫೇಸ್ ಓಡುವುದನ್ನೂ ನೋಡಿದ್ದೇನೆ.

ಬೋರ್ಡ್ ಬಿಚ್ಚುವ ಮೊದಲು ಮೈನ್ ಆಫ್ ಮಾಡಿ. ಇನ್ವರ್ಟರನ್ನೂ ಆಫ್ ಮಾಡಿ. ಇದನ್ನು ಮರೆಯುವವರು ಬಹಳ. ಮೈನ್ ತೆಗೆದ ಕೂಡಲೇ ಇನ್ವರ್ಟರಿಗೆ ಕರೆಂಟು ಹೋಯಿತು ಅಂತ ಅನಿಸುತ್ತದೆ, ಅದು ಬ್ಯಾಟರಿಯಿಂದ 230 ವೋಲ್ಟ್ ಕೊಡಲು ಶುರು ಮಾಡುತ್ತದೆ. ನೀವು ಕೈ ಹಾಕುವುದು ಅದೇ ಲೈನಿಗೆ. ಎರಡೂ ಆಫ್ ಆದ ಮೇಲೆ ಟೆಸ್ಟರ್ ಇಟ್ಟು ನೋಡಿ. ಟೆಸ್ಟರನ್ನು ಮೊದಲು ಕರೆಂಟು ಇರುವ ಒಂದು ಕಡೆ ಇಟ್ಟು, ಅದು ಉರಿಯುತ್ತದೆ ಅಂತ ಖಾತ್ರಿ ಮಾಡಿಕೊಂಡಿರಿ.

ಒಂದು ಬೋರ್ಡನ್ನು ಹತ್ತಿರದಿಂದ ತೋರಿಸುತ್ತೇನೆ. ಎಣ್ಮಕಜೆ ಕಡೆಯ ಹೆಂಚಿನ ಮನೆ, ಮುರಕಲ್ಲಿನ ಗೋಡೆ, ಮರದ ಮುಚ್ಚಿಗೆ. ಬೋರ್ಡು ಹಲಸಿನ ಮರದ ಪೆಟ್ಟಿಗೆ, ಮೇಲೆ ಬೇಕಲೈಟ್ ಶೀಟು. ನಾಲ್ಕು ಸ್ಕ್ರೂ ತೆಗೆದು ಶೀಟನ್ನು ಮುಂದಕ್ಕೆ ವಾಲಿಸಿದರೆ ಮೊದಲು ಉದುರಿದ್ದು ಒಣ ಮಣ್ಣು, ಇರುವೆ ಕಟ್ಟಿದ್ದು. ಅದನ್ನು ಬ್ರಷ್‌ನಲ್ಲಿ ಗುಡಿಸಿದ ಮೇಲೆ ವಯರು ಕಂಡಿತು. ಮೂರು ಸ್ವಿಚ್ಚು, ಒಂದು ಸಾಕೆಟ್ಟು. ಮೂರು ಸ್ವಿಚ್ಚುಗಳ ಒಂದು ಬದಿಯನ್ನು ಒಂದೇ ವಯರು ಲೂಪ್ ಮಾಡಿಕೊಂಡು ಹೋಗಿತ್ತು, ಅದು ಫೇಸ್. ಇನ್ನೊಂದು ಬದಿಯಿಂದ ಎರಡು ವಯರು ಮೇಲೆ ದೀಪಗಳಿಗೆ, ಒಂದು ಸಾಕೆಟ್ಟಿಗೆ. ಸಾಕೆಟ್ಟಿನ ಎಡಗಡೆ ತೂತಿಗೆ ಒಂದು ಬೂದುಬಣ್ಣದ ವಯರು, ಅದರ ನಿಜವಾದ ಬಣ್ಣ ಯಾವುದಿತ್ತೋ ದೇವರಿಗೇ ಗೊತ್ತು. ಅದು ನ್ಯೂಟ್ರಲ್ಲೋ ಅರ್ತೋ ಅಂತ ತಿಳಿಯಬೇಕು.

ಇಲ್ಲಿ ಬರೇ ಮೀಟರ್ ಇಟ್ಟು ವೋಲ್ಟೇಜ್ ನೋಡಿದರೆ ಸಾಲದು. ಫೇಸಿನಿಂದ ನ್ಯೂಟ್ರಲ್ಲಿಗೂ 230 ತೋರಿಸುತ್ತದೆ, ಫೇಸಿನಿಂದ ಅರ್ತಿಗೂ ಹತ್ತಿರ ಹತ್ತಿರ ಅಷ್ಟೇ ತೋರಿಸುತ್ತದೆ. ನಾನು ಮಾಡುವುದು ಹೀಗೆ. ಮೈನ್ ಆಫ್, ಇನ್ವರ್ಟರ್ ಆಫ್, ಎಲ್ಲ ಎಂಸಿಬಿ (ಒಂದೊಂದು ಲೈನಿನ ಟ್ರಿಪ್ ಸ್ವಿಚ್ಚು) ಆಫ್. ಮಿಕ್ಸಿ, ಫ್ರಿಜ್, ಟಿವಿ, ಎಲ್ಲದರ ಪ್ಲಗ್ ಹೊರಗೆ. ಲೈಟು ಫ್ಯಾನಿನ ಸ್ವಿಚ್ಚೆಲ್ಲ ಆಫ್. ಮೈನ್ ಸ್ವಿಚ್ಚು ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಬಿಡಿಸುವಂಥದ್ದಾಗಿರಬೇಕು. ಆಮೇಲೆ ಡಿಬಿಯ (ಎಂಸಿಬಿಗಳಿರುವ ಪೆಟ್ಟಿಗೆ) ನ್ಯೂಟ್ರಲ್ ಲಿಂಕಿನಿಂದ, ಅಂದರೆ ನ್ಯೂಟ್ರಲ್ ವಯರೆಲ್ಲ ಕೂಡುವ ಪಟ್ಟಿಯಿಂದ, ಒಂದು ಉದ್ದದ ವಯರು ಎಳೆದುಕೊಂಡು ಬೋರ್ಡಿನವರೆಗೆ ಬರುತ್ತೇನೆ. ಮಲ್ಟಿಮೀಟರನ್ನು ಬೀಪ್ ಹೊಡೆಯುವ ಸೆಟ್ಟಿಂಗಿಗೆ ಹಾಕಿ, ಒಂದು ಕಡ್ಡಿ ಈ ಉದ್ದದ ವಯರಿಗೆ, ಇನ್ನೊಂದು ಸಂಶಯದ ವಯರಿಗೆ. ಬೀಪ್ ಬಂತು. ಈಗ ಉದ್ದದ ವಯರನ್ನು ಅರ್ತ್ ಲಿಂಕಿಗೆ ಬದಲಾಯಿಸಿ ಮತ್ತೆ ನೋಡಬೇಕು. ಬೀಪ್ ಬರಲಿಲ್ಲ. ಹಾಗಾದರೆ ಅದು ನ್ಯೂಟ್ರಲ್, ಸಂಶಯ ಇಲ್ಲ. ಎರಡಕ್ಕೂ ಬೀಪ್ ಬಂದರೆ ಮನೆಯೊಳಗೆ ಎಲ್ಲೋ ನ್ಯೂಟ್ರಲ್ಲೂ ಅರ್ತೂ ಕೂಡಿಕೊಂಡಿವೆ ಅಂತ ಅರ್ಥ. ಸ್ಮಾರ್ಟ್ ಸ್ವಿಚ್ ಆಚೆ ಇಡಿ, ಮೊದಲು ಅದನ್ನು ಹುಡುಕಿ ಬಿಡಿಸಿ.

ನ್ಯೂಟ್ರಲ್ ಸಿಕ್ಕಿದ ಮೇಲೆ ಇನ್ನೊಂದು ವಿಷಯ ನೋಡಿ. ದೀಪದ ಫೇಸೂ ಸಾಕೆಟ್ಟಿನ ಫೇಸೂ ಒಂದೇ ಎಂಸಿಬಿಯಿಂದ ಬಂದಿರಬೇಕು. ಆ ಎಂಸಿಬಿ ಒಂದನ್ನೇ ಆಫ್ ಮಾಡಿದರೆ ಎರಡೂ ಸತ್ತರೆ ಸರಿ. ಬೇರೆ ಸರ್ಕ್ಯೂಟಿನ ನ್ಯೂಟ್ರಲ್ ಎರವಲು ತಂದರೆ, ಎರಡಕ್ಕೂ ಬೇರೆ ಬೇರೆ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನು ಬಿಡಿಸುವ ಸ್ವಿಚ್ಚು) ಇರುವ ಮನೆಯಲ್ಲಿ ಅದು ಟ್ರಿಪ್ ಆಗಬಹುದು. ತ್ರೀ ಫೇಸ್ ಮನೆಯಲ್ಲಿ ಇನ್ನೂ ಕಷ್ಟ. ಎರಡು ಫೇಸಿಗೆ ಒಂದೇ ನ್ಯೂಟ್ರಲ್ ಇದ್ದು ಅದು ಎಲ್ಲಾದರೂ ಕಡಿದರೆ 230ರ ಬದಲು 400 ವೋಲ್ಟಿನವರೆಗೆ ಸಾಮಾನಿಗೆ ಹೊಡೆಯುತ್ತದೆ.

ಅರ್ತನ್ನು ಮುಟ್ಟಬೇಡಿ

ಫೇಸಿಗೂ ಅರ್ತಿಗೂ ಕೊಟ್ಟರೆ ಸ್ಮಾರ್ಟ್ ಸ್ವಿಚ್ ಆನ್ ಆಗುತ್ತದೆ. ಅದು ನಿಜ. ಹಾಗಾಗಿಯೇ ಕೆಲವರು ಅದನ್ನು ಮಾಡಿ ದುಡ್ಡು ತೆಗೆದುಕೊಂಡು ಹೋಗುತ್ತಾರೆ. ಬಚ್ಚಲಿನ ಗೀಸರ್, ಫ್ರಿಜ್, ಗ್ರೈಂಡರ್, ಬಾವಿಯ ಪಂಪು, ಎಲ್ಲದರ ಮೈಯೂ ಆ ಅರ್ತ್ ವಯರಿಗೇ ಕೂಡಿದೆ. ಅದರಲ್ಲಿ ಕರೆಂಟು ಓಡಿಸಿದ ಮೇಲೆ ಅರ್ತ್ ಗುಂಡಿಯ ಕಡೆ ವಯರು ಕಡಿದರೆ ಗೀಸರಿನ ಮೈಗೂ ಗ್ರೈಂಡರಿನ ಮೈಗೂ ಕರೆಂಟು ಬಂತು ಅಂತಲೇ ಲೆಕ್ಕ. ನಮ್ಮ ಮುರಕಲ್ಲಿನ ನೆಲ ಏಪ್ರಿಲ್ ಮೇಯಲ್ಲಿ ಹೇಗೆ ಒಣಗುತ್ತದೆ ಗೊತ್ತಲ್ವಾ? ಅರ್ತ್ ಗುಂಡಿಗೆ ನೀರು ಹಾಕದ ಮನೆಗಳಲ್ಲಿ ಆಗ ಅರ್ತ್ ಇದ್ದೂ ಇಲ್ಲದ ಹಾಗೆ. ಒದ್ದೆ ಕೈಯಲ್ಲಿ ಗ್ರೈಂಡರ್ ತೊಳೆಯುವವರು ಮನೆಯ ಹೆಂಗಸರು. 30 ಮಿಲಿಆಂಪಿನ ಆರ್‌ಸಿಸಿಬಿ ಇದ್ದರೆ ಅದು ಟ್ರಿಪ್ ಆಗಿ ಕಾಪಾಡಬಹುದು. ಆದರೆ ಪದೇಪದೇ ಟ್ರಿಪ್ ಆಗುತ್ತದೆ ಅಂತ ಅದನ್ನೇ ತೆಗೆಸುವ ಮನೆಗಳೂ ಇವೆ. ನಿಮ್ಮ ಮನೆಗೆ ಬಂದವನು ಹಸಿರು ವಯರಿಗೆ ಕೈ ಹಾಕಿದರೆ ಆಗಲೇ ನಿಲ್ಲಿಸಿ.

ನಿಜವಾಗಿಯೂ ಇಲ್ಲದಿದ್ದರೆ

ನನ್ನ ಮೊದಲ ಆಯ್ಕೆ ಹೊಸ ನ್ಯೂಟ್ರಲ್ ಎಳೆಯುವುದೇ. ಪಿವಿಸಿ ಪೈಪಿನಲ್ಲಿ ಜಾಗ ಇದ್ದರೆ 1 ಸ್ಕ್ವೇರ್ ಎಂಎಂನ ಕಪ್ಪು ವಯರು ಸ್ಪ್ರಿಂಗ್ ಹಾಕಿ ಎಳೆದರೆ ಬರುತ್ತದೆ. ಸ್ವಲ್ಪ ಪೌಡರ್ ಹಚ್ಚಿದರೆ ಸಲೀಸು. ಮುಚ್ಚಿಗೆ ಇರುವ ಮನೆಯಲ್ಲಿ ಇನ್ನೂ ಸುಲಭ. ಮೇಲೆ ಹತ್ತಿ ಸೀಲಿಂಗ್ ರೋಸಿನ ನ್ಯೂಟ್ರಲ್‌ನಿಂದ ಒಂದು ತುಂಡು ಕೆಳಗೆ ತರುವುದು, ಗೋಡೆಯ ಮೇಲೆ ಕೇಸಿಂಗ್ ಹಾಕುವುದು. ಒಂದು ಗೆರೆ ಕಾಣುತ್ತದೆ ಅಂತ ಬೇಜಾರು ಮಾಡಬೇಡಿ. ನ್ಯೂಟ್ರಲ್ ಬಂದರೆ ಯಾವ ಸ್ವಿಚ್ ಬೇಕಾದರೂ ಹಾಕಬಹುದು, ಮುಂದೆ ಬದಲಾಯಿಸಲೂಬಹುದು.

ಪೈಪು ತುಂಬಿದೆ, ಗೋಡೆ ಒಡೆಯಲು ಮನಸ್ಸಿಲ್ಲ ಅಂದರೆ ನ್ಯೂಟ್ರಲ್ ಬೇಡದ ಮಾಡ್ಯೂಲ್, ಹಳೆ ಸ್ವಿಚ್ಚಿಗೆ ಕೂಡಿಸುವ ಒಂದು ಸಣ್ಣ ಸ್ಮಾರ್ಟ್ ಡಬ್ಬಿ. ಇವುಗಳಲ್ಲಿ ಹೆಚ್ಚಿನವು ವೈಫೈ ಅಲ್ಲ, ಜಿಗ್‌ಬೀ ಅನ್ನುವ ಬೇರೆ ಥರದ ರೇಡಿಯೋ. ವೈಫೈಗಿಂತ ಜಿಗ್‌ಬೀಗೆ ಬಹಳ ಕಡಿಮೆ ಕರೆಂಟು ಸಾಕು, ಅದಕ್ಕೇ. ಸೋನಾಫ್ ಕಂಪನಿಯ ಜೆಡ್‌ಬಿ ಮಿನಿ ಎಲ್2 ಈ ಥರದ್ದು, 6 ಆಂಪಿನವರೆಗೆ. ನಾಲ್ಕು ಸೆಂಟಿಮೀಟರ್ ಉದ್ದ ಇದೆ, ಹಳೆ ಸ್ವಿಚ್ಚಿನ ಹಿಂದೆಯೇ ಕೂರುತ್ತದೆ. ವೈಫೈಯಲ್ಲೇ ಬೇಕು ಅನ್ನುವವರಿಗೆ ಶೆಲ್ಲಿ 1ಎಲ್ ಇದೆ, ಆದರೆ ಚಿಕ್ಕ ದೀಪಕ್ಕೆ ಅದರ ಜೊತೆ ಬೈಪಾಸ್ (ಅದೇನು ಅಂತ ಕೆಳಗೆ ಹೇಳುತ್ತೇನೆ) ಹಾಕಲೇಬೇಕು. ಜಿಗ್‌ಬೀಯನ್ನು ಇಂಟರ್‌ನೆಟ್ಟಿಗೆ ಕೂಡಿಸಲು ಹಬ್ ಅನ್ನುವ ಒಂದು ಪೆಟ್ಟಿಗೆ ಬೇಕು. ಹಬ್ಬನ್ನೂ ರೌಟರನ್ನೂ ಇನ್ವರ್ಟರ್ ಲೈನಿನಲ್ಲಿಡಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಕರೆಂಟು ಹೋದಾಗೆಲ್ಲ ಫೋನಿನಲ್ಲಿ ಏನೂ ನಡೆಯುವುದಿಲ್ಲ.

ಜೋಡಿಸುವುದು ಕಷ್ಟ ಇಲ್ಲ. ಸ್ವಿಚ್ಚಿನಲ್ಲಿದ್ದ ಫೇಸನ್ನು ಬಿಡಿಸಿ ಮಾಡ್ಯೂಲಿನ ಲೈನ್ ಇನ್‌ಗೆ, ಬಲ್ಬಿಗೆ ಹೋಗುವ ವಯರನ್ನು ಲೈನ್ ಔಟ್‌ಗೆ. ಹಳೆ ಸ್ವಿಚ್ಚಿನ ಎರಡು ಕಾಲುಗಳಿಂದ ಎರಡು ತುಂಡು ವಯರು ಎಸ್1, ಎಸ್2ಗೆ. ಈ ಎಸ್1, ಎಸ್2ಗೆ ಹೊರಗಿನಿಂದ ಫೇಸ್ ಕೊಡಬಾರದು. ಬೇರೆ ಸ್ವಿಚ್ಚುಗಳಿಗೆ ಲೂಪ್ ಹೋಗಿದ್ದರೆ ಆ ಲೂಪ್ ಕಡಿಯದ ಹಾಗೆ ನೋಡಿಕೊಳ್ಳಿ. ವಯರಿನ ತುದಿ ಏಳೆಂಟು ಮಿಲಿಮೀಟರ್ ಮಾತ್ರ ಸುಲಿಯಿರಿ, ಹೊರಗೆ ತಾಮ್ರ ಕಾಣಬಾರದು. ಒಂದೊಂದನ್ನೂ ಎಳೆದು ನೋಡಿ.

ಬಲ್ಬು ಮಿನುಗಿದರೆ ಬೈಪಾಸ್ ಹಾಕಬೇಕು. ಅದು ಒಂದು ಕೆಪಾಸಿಟರ್ ಇರುವ ಸಣ್ಣ ಡಬ್ಬಿ. ಹಾಕುವ ಜಾಗ ಬೋರ್ಡಲ್ಲ, ಮೇಲೆ ಸೀಲಿಂಗ್ ರೋಸಿನಲ್ಲಿ, ಬಲ್ಬಿನ ಎರಡು ವಯರಿಗೆ ಅಡ್ಡಲಾಗಿ. ಆಗ ಆ ಚೂರು ಕರೆಂಟು ಬಲ್ಬಿನ ಬದಲು ಇದರಲ್ಲಿ ಹರಿದುಹೋಗುತ್ತದೆ. 0.1 ಮೈಕ್ರೋಫ್ಯಾರಡ್‌ನ ಕೆಪಾಸಿಟರಿನಲ್ಲಿ ನಮ್ಮ 230 ವೋಲ್ಟಿಗೆ ಸುಮಾರು 7 ಮಿಲಿಆಂಪ್ ಹರಿಯುತ್ತದೆ, ಅಷ್ಟು ಕಡಿಮೆ. ಫ್ಯಾನಿನ 2.5 ಮೈಕ್ರೋಫ್ಯಾರಡ್ ಕೆಪಾಸಿಟರ್ ತಂದು ಅಡ್ಡ ಕಟ್ಟುವವರಿದ್ದಾರೆ, ಅದು ಬೇಡ. ಇದರ 25 ಪಟ್ಟು ಕರೆಂಟು ಸುಮ್ನೆ ಓಡುತ್ತದೆ. ಮಾಡ್ಯೂಲಿನ ಕಂಪನಿ ಹೇಳಿದ ಬೈಪಾಸನ್ನೇ ತರಿಸಿ.

ಪೆಟ್ಟಿಗೆಯ ಮೇಲೆ ಕನಿಷ್ಠ ಲೋಡ್ ಎಷ್ಟು ಅಂತ ಬರೆದಿರುತ್ತದೆ, ಓದಿ. ದೇವರ ಕೋಣೆಯ ಎಲ್ಇಡಿ ಝೀರೋ ಬಲ್ಬಿಗೆ ಇದು ಹೊಂದುವುದಿಲ್ಲ. ಫ್ಯಾನಿಗೆ ಹಾಕಲೇಬೇಡಿ, ಈ ಮಾಡ್ಯೂಲ್‌ಗಳು ದೀಪಕ್ಕೆ ಮಾಡಿದ್ದು. ಫ್ಯಾನು ಸ್ಮಾರ್ಟ್ ಆಗಬೇಕಿದ್ದರೆ ರಿಮೋಟ್ ಇರುವ ಬಿಎಲ್‌ಡಿಸಿ ಫ್ಯಾನೇ ತನ್ನಿ.

ಇನ್ನೊಂದು ಮುಖ್ಯ ವಿಷಯ. ನ್ಯೂಟ್ರಲ್ ಇಲ್ಲದ ಮಾಡ್ಯೂಲ್ ಇರುವ ದೀಪ ಆಫ್ ಇದ್ದರೂ ಹೋಲ್ಡರಿನಲ್ಲಿ ಕರೆಂಟು ಇರುತ್ತದೆ. ಬಲ್ಬು ಬದಲಾಯಿಸಬೇಕಾದರೆ ಎಂಸಿಬಿ ಆಫ್ ಮಾಡಿಯೇ ಸ್ಟೂಲ್ ಹತ್ತಿ. ಇದನ್ನು ಮನೆಯ ಎಲ್ಲರಿಗೂ ಹೇಳಿಡಿ.

ಮೆಟ್ಟಿಲಿನ ದೀಪ

ಟೂ ವೇ ಸ್ವಿಚ್ಚಿನಲ್ಲಿ ಫೇಸ್ ಬರುವುದು ಕೆಳಗಿನ ಬೋರ್ಡಿಗೆ, ಬಲ್ಬಿನ ಲೈನು ಹೋಗುವುದು ಉಪ್ಪರಿಗೆಯ ಬೋರ್ಡಿನಿಂದ. ನಡುವೆ ಎರಡು ವಯರು. ಮಾಡ್ಯೂಲಿಗೆ ಇವೆರಡೂ ಒಂದೇ ಕಡೆ ಬೇಕು. ನಾನು ಕೆಳಗಿನ ಬೋರ್ಡಿನಲ್ಲಿ ಮಾಡ್ಯೂಲ್ ಇಟ್ಟು, ಅದರ ಔಟನ್ನು ನಡುವಿನ ಒಂದು ವಯರಿಗೆ ಕೊಡುತ್ತೇನೆ. ಮೇಲಿನ ಬೋರ್ಡಿನಲ್ಲಿ ಅದೇ ವಯರನ್ನು ಬಲ್ಬಿನ ಲೈನಿಗೆ ಖಾಯಂ ಆಗಿ ಕೂಡಿಸುತ್ತೇನೆ. ಉಳಿದ ವಯರಿನ ಎರಡೂ ತುದಿಗೆ ಕನೆಕ್ಟರ್ ಹಾಕಿ ಮುಚ್ಚುತ್ತೇನೆ. ಮೇಲೆ ಸ್ವಿಚ್ಚಿನ ಜಾಗದಲ್ಲಿ ಬ್ಯಾಟರಿಯ ಜಿಗ್‌ಬೀ ಬಟನ್. ಮೇಲಿನ ಬೋರ್ಡಿನಲ್ಲಿ ಸಾಕೆಟ್ಟಿದ್ದು ಅದೂ ಇದೇ ಎಂಸಿಬಿಯದ್ದಾಗಿದ್ದರೆ, ಉಳಿದ ವಯರಿನಲ್ಲಿ ಅಲ್ಲಿಂದ ಕೆಳಗೆ ನ್ಯೂಟ್ರಲ್ಲನ್ನೇ ಇಳಿಸಬಹುದು. ಹಾಗೆ ಮಾಡಿದರೆ ಎರಡೂ ತುದಿಗೆ ಕಪ್ಪು ಟೇಪ್ ಸುತ್ತಿ.

ಸ್ಮಾರ್ಟ್ ಬಲ್ಬು ಸಾಲದೇ ಅಂತ ಕೇಳುತ್ತಾರೆ. ಒಬ್ಬರೇ ಇರುವ ಫ್ಲ್ಯಾಟಿಗೆ ಸಾಕು. ಮನೆಯಲ್ಲಿ ಹಿರಿಯರಿದ್ದರೆ ಅವರು ಗೋಡೆಯ ಸ್ವಿಚ್ಚು ಆಫ್ ಮಾಡುತ್ತಾರೆ, ಅಲ್ಲಿಗೆ ಬಲ್ಬು ಫೋನಿಗೆ ಸಿಗುವುದಿಲ್ಲ. ಒಂದು ಮನೆಯಲ್ಲಿ ಅಜ್ಜಿ ನನ್ನನ್ನೇ ಕೇಳಿದರು, "ಎಂತ ಮಾರಾಯ, ನಾನು ರಾತ್ರಿ ಬಚ್ಚಲಿಗೆ ಹೋಗ್ಲಿಕ್ಕೆ ಮೊಬೈಲು ಹಿಡ್ಕೊಂಡು ಹೋಗ್ಬೇಕಾ?" ಅವರು ಕೇಳಿದ್ದು ನ್ಯಾಯ. ಗೋಡೆಯ ಸ್ವಿಚ್ಚು ಒತ್ತಿದರೆ ದೀಪ ಹತ್ತಲೇಬೇಕು, ಇಂಟರ್‌ನೆಟ್ ಇರಲಿ ಬಿಡಲಿ. ಹಳೆ ಸ್ವಿಚ್ಚಿನ ಹಿಂದೆ ಕೂರುವ ಮಾಡ್ಯೂಲನ್ನೇ ನಾನು ಹೇಳುವುದು ಇದಕ್ಕಾಗಿ. ಅಜ್ಜಿಗೆ ಅದೇ ಸ್ವಿಚ್ಚು, ಅದೇ ಜಾಗ. ದುಬೈಯಲ್ಲಿರುವ ಮೊಮ್ಮಗನಿಗೆ ಅಂಗಳದ ದೀಪ ಅಲ್ಲಿಂದಲೇ ಹಾಕಿದ ಸಮಾಧಾನ.

ನಮ್ಮ ಊರಿಗೆ ಬೇಕಾದ ಕೆಲವು ಎಚ್ಚರಿಕೆ

ವಿದೇಶದಿಂದ ತರುವ ಮೊದಲು ಕೇಳಿ. ಗಲ್ಫಿನ ಸ್ವಿಚ್ಚು ಹೆಚ್ಚಾಗಿ 86 ಮಿಲಿಮೀಟರಿನ ಚೌಕ, ನಮ್ಮ ಮಾಡ್ಯುಲರ್ ಬಾಕ್ಸಿಗೆ ಕೂರುವುದಿಲ್ಲ. ಅಮೆರಿಕದ್ದು 120 ವೋಲ್ಟಿನದ್ದಾದರೆ ನಮ್ಮ ಲೈನಿಗೆ ಕೊಟ್ಟ ಕೂಡಲೇ ಸುಟ್ಟಿತು. 100ರಿಂದ 240 ಅಂತ ಬರೆದಿದ್ದರೆ ಮಾತ್ರ ತೆಗೆದುಕೊಳ್ಳಿ. ತೋಟದ ಪಂಪುಗಳು ಒಟ್ಟಿಗೆ ಓಡುವ ಬೇಸಗೆಯಲ್ಲಿ ಲೈನಿನ ಕೊನೆಯ ಮನೆಗಳಿಗೆ ವೋಲ್ಟೇಜ್ ಇಳಿಯುತ್ತದೆ, ಅದಕ್ಕೂ ಇದು ಒಳ್ಳೆಯದು.

ದಪ್ಪ ಮುರಕಲ್ಲಿನ ಗೋಡೆ ದಾಟಿ ಜಿಗ್‌ಬೀ ಜಾಸ್ತಿ ದೂರ ಹೋಗುವುದಿಲ್ಲ. ಕಬ್ಬಿಣದ ಗ್ಯಾಂಗ್ ಬಾಕ್ಸಾದರೆ ಇನ್ನೂ ಕಡಿಮೆ. ನ್ಯೂಟ್ರಲ್ ಇಲ್ಲದ ಮಾಡ್ಯೂಲ್‌ಗಳು ಸಾಮಾನ್ಯವಾಗಿ ಸಿಗ್ನಲ್ಲನ್ನು ಮುಂದಕ್ಕೆ ದಾಟಿಸುವುದೂ ಇಲ್ಲ. ನಡುವಿನ ಕೋಣೆಯಲ್ಲಿ ಒಂದು ಜಿಗ್‌ಬೀ ಪ್ಲಗ್ ಹಾಕಿ, ಅದು ದಾಟಿಸುತ್ತದೆ.

ಆ್ಯಪಿನಲ್ಲಿ ಕರೆಂಟು ಬಂದಾಗ ದೀಪ ಹೇಗಿರಬೇಕು ಅನ್ನುವ ಸೆಟ್ಟಿಂಗ್ ಇರುತ್ತದೆ. ಅದನ್ನು ಆಫ್‌ಗೆ ಇಡಿ. ಇಲ್ಲದಿದ್ದರೆ ಜೂನ್ ಜುಲೈಯಲ್ಲಿ ನಡುರಾತ್ರಿ ಕರೆಂಟು ಹೋಗಿ ಬಂದಾಗ ಮನೆಯ ದೀಪವೆಲ್ಲ ಹತ್ತಿ ಎಲ್ಲರೂ ಎದ್ದು ಕೂರಬೇಕಾಗುತ್ತದೆ.

ಸಿಡಿಲಿನ ಹೊತ್ತು ನಮ್ಮಲ್ಲಿ ಮಳೆಗಾಲಕ್ಕೆ ಮೊದಲು ಏಪ್ರಿಲ್ ಮೇ, ಆಮೇಲೆ ತುಲಾ ಮಳೆಯ ಅಕ್ಟೋಬರ್ ನವೆಂಬರ್. ಡಿಬಿಯಲ್ಲಿ ಟೈಪ್ 2 ಎಸ್‌ಪಿಡಿ ಹಾಕಿಸಿ. ಅದು ಸಿಡಿಲಿನ ಏಟನ್ನು ಅರ್ತಿಗೆ ದಾಟಿಸಿ ಸಾಮಾನು ಉಳಿಸುವುದು. ಅರ್ತ್ ಒಳ್ಳೆಯದಿಲ್ಲದೆ ಎಸ್‌ಪಿಡಿ ಹಾಕಿ ಪ್ರಯೋಜನ ಇಲ್ಲ, ಹಾಗಾಗಿ ಬೇಸಗೆಯಲ್ಲಿ ಅರ್ತ್ ಗುಂಡಿಗೆ ನೀರು ಹಾಕುತ್ತಿರಿ.

ಬೋರ್ಡ್ ಬಿಚ್ಚಿದಾಗ ವಯರಿನ ರಬ್ಬರ್ ಪುಡಿಯಾಗಿ ಕೈಗೆ ಬಂದರೆ ಅಲ್ಲಿಗೆ ನಿಲ್ಲಿಸಿ. ಆ ಮನೆಗೆ ಬೇಕಾದದ್ದು ಹೊಸ ವಯರಿಂಗ್. ಅಲ್ಯೂಮಿನಿಯಂ ವಯರಿದ್ದರೆ ಅದನ್ನು ತಾಮ್ರದ ಜೊತೆ ತಿರುಚಿ ಟೇಪ್ ಸುತ್ತಬೇಡಿ. ಆ ಜಾಯಿಂಟು ಕಿಲುಬು ಹಿಡಿದು ಬಿಸಿಯಾಗುತ್ತದೆ, ಮರದ ಪೆಟ್ಟಿಗೆಯೊಳಗೆ ಬಿಸಿ ಅಂದರೆ ಬೆಂಕಿ.

ಕೆಲಸ ಮುಗಿದ ಮೇಲೆ ಎಲ್ಲ ದೀಪವನ್ನೂ ಒಂದು ರಾತ್ರಿ ಕತ್ತಲೆಯಲ್ಲಿ ಆಫ್ ಮಾಡಿ ನೋಡಿ, ಯಾವುದಾದರೂ ಮಿನುಗುತ್ತದಾ ಅಂತ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ, ಅದು ಬೀಳಬೇಕು. ಯಾವ ಬೋರ್ಡಿನಲ್ಲಿ ಯಾವ ಮಾಡ್ಯೂಲ್ ಇದೆ, ಬೈಪಾಸ್ ಯಾವ ದೀಪದ ರೋಸಿನಲ್ಲಿದೆ, ಮೆಟ್ಟಿಲಿನ ಯಾವ ವಯರನ್ನು ನ್ಯೂಟ್ರಲ್ ಮಾಡಿದ್ದೀರಿ, ಇಷ್ಟನ್ನು ಒಂದು ಕಾಗದದಲ್ಲಿ ಬರೆದು ಡಿಬಿಯ ಬಾಗಿಲಿನ ಒಳಗೆ ಅಂಟಿಸಿ. ಕನ್ನಡದಲ್ಲೂ ಮಲಯಾಳದಲ್ಲೂ ಬರೆಯಿರಿ, ಮುಂದೆ ಬರುವ ವಯರ್‌ಮನ್ ಯಾವ ಊರಿನವನೋ ಹೇಳಲಿಕ್ಕಾಗದು.